ದಿಲ್ಲಿಗೆ ನಾಲ್ಕು ಬ್ಯಾಟರಿ

ತುರುವೇಕೆರೆಯ ಶಂಭುಲಿಂಗಯ್ಯನವರಿಗೆ ಬೇಡ ಎನ್ನಲು ಬರುತ್ತಿರಲಿಲ್ಲ. ಐವತ್ತೆರಡು ವರ್ಷದ ಬಾಳಿನಲ್ಲಿ ಆ ಮಾತನ್ನು ಅವರು ಆಡಿದ್ದು ಒಂದೇ ಸಲ, ಬೀಗರ ಮನೆಯಲ್ಲಿ ಆರನೆಯ ಹೋಳಿಗೆಗೆ. ಬಡಿಸುವವರು ಅದನ್ನು ಕೇಳಿಸಿಕೊಳ್ಳಲೂ ಇಲ್ಲ. ಹೀಗಾಗಿ, ಎಂಬತ್ತೈದನೇ ಇಸವಿಯಲ್ಲಿ ಅವರು ವಿಮಾನ ಹತ್ತಬೇಕಾದ ದಿನ ಬೆಳಿಗ್ಗೆ ಹೆಂಡತಿ ವಿಮಲಮ್ಮ ಕೈಚೀಲದೊಳಕ್ಕೆ ಒಂದು ಪುಟ್ಟ ಬ್ಯಾಟರಿ ತುರುಕಿದಾಗ ಸುಮ್ಮನೆ ನೋಡುತ್ತ ನಿಂತರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

"ಗೊತ್ತಿಲ್ಲದ ಊರು. ಕರೆಂಟು ಹೋದ್ರೆ ಬಚ್ಚಲು ಯಾವ ಕಡೆ ಅಂತ ಯಾರನ್ನ ಕೇಳ್ತೀರಿ? ನಿಮಗೆ ಹಿಂದಿ ಬೇರೆ ಬರಾಕಿಲ್ಲ," ಎಂದರು ವಿಮಲಮ್ಮ.

ತೆಂಗಿನ ಸೀಮೆಯಲ್ಲಿ ಬ್ಯಾಟರಿ ಇಲ್ಲದ ಮನೆಯೇ ಇಲ್ಲ. ಉಂಡೆ ಕೊಬ್ಬರಿ ಆಗಲೆಂದು ಕಾಯಿಗಳನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟಿರುತ್ತಾರೆ. ಅಲ್ಲಿಗೆ ಬುಡ್ಡಿದೀಪ ಒಯ್ದವನ ಮನೆ ಉಳಿಯುವುದು ಕಷ್ಟ. ಆದ್ದರಿಂದ ಅಟ್ಟ ಹತ್ತುವವರ ಕೈಯಲ್ಲಿ ಬ್ಯಾಟರಿಯೇ ಇರಬೇಕು. ಕೊಬ್ಬರಿ ನೋಡಲು ಬಂದ ವ್ಯಾಪಾರಿಗಳಿಗೆ ಮೂವತ್ತು ವರ್ಷ ಬೆಳಕು ಹಿಡಿದು ಶಂಭುಲಿಂಗಯ್ಯನವರು ಆ ಕೆಲಸದಲ್ಲಿ ಪಳಗಿಬಿಟ್ಟಿದ್ದರು. ಬೆಳಕು ಕಾಯಿಯ ಮೇಲೆ ಬೀಳಬೇಕು, ನೋಡುವವನ ಕಣ್ಣಿಗೆ ಹೊಡೆಯಬಾರದು. ಈ ವಿದ್ಯೆಯೊಂದನ್ನು ಬಿಟ್ಟರೆ ತಮಗೆ ಬೇರೇನೂ ಬರುವುದಿಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ಅಯ್ಯೋ ಹಾಗೇಕಂತೀರಿ ಎಂದು ಒಬ್ಬರಾದರೂ ಅಂದಾರೇನೋ ಎಂದು ಸ್ವಲ್ಪ ಹೊತ್ತು ಕಾಯುತ್ತಲೂ ಇದ್ದರು. ಯಾರೂ ಅನ್ನುತ್ತಿರಲಿಲ್ಲ.

ಇಂಥವರು ದಿಲ್ಲಿಗೆ ಹೊರಟಿದ್ದರು. ಅಲ್ಲಿ ಮಾರನೆಯ ದಿನ ತೆಂಗು ಬೆಳೆಗಾರರ ಸಮ್ಮೇಳನ. ತಾಲ್ಲೂಕಿಗೊಬ್ಬರಂತೆ ಹತ್ತು ಹತ್ತು ನಿಮಿಷ ಮಾತಾಡಬೇಕು, ವಿಮಾನದ ಖರ್ಚು ಸಮ್ಮೇಳನದವರದು. ಬೆಳೆಗಾರರ ಸಂಘದಲ್ಲಿ ಕೈ ಎತ್ತಿಸಿದಾಗ ಮಾಯಸಂದ್ರದ ಕರಿಬಸವಯ್ಯನವರಿಗಿಂತ ಇವರಿಗೆ ಒಂದೇ ಒಂದು ಕೈ ಹೆಚ್ಚು ಬಿದ್ದಿತ್ತು.

ಶಂಭುಲಿಂಗಯ್ಯನವರಿಗೆ ವಿಮಾನದ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಆಸೆಯೆಲ್ಲ ಆ ಹತ್ತು ನಿಮಿಷದ ಮೇಲೆ. ಮನೆಯಲ್ಲಾಗಲಿ ಸಂಘದಲ್ಲಾಗಲಿ ಅವರು ಶುರು ಮಾಡಿದ ಮಾತನ್ನು ಬೇರೆಯವರೇ ಮುಗಿಸುವುದು ರೂಢಿಯಾಗಿತ್ತು. ದಿಲ್ಲಿಯಲ್ಲಿ ಹಾಗಲ್ಲ. ಮುನ್ನೂರು ಜನ, ಮೈಕು, ನಡುವೆ ಬಾಯಿ ಹಾಕಲು ವಿಮಲಮ್ಮ ಇಲ್ಲ. ಜನ್ಮದಲ್ಲಿ ಒಂದು ಸಲ ತಮ್ಮ ಮಾತನ್ನು ತಾವೇ ಕೊನೆ ಮುಟ್ಟಿಸಬೇಕು ಎಂದು ತಿಂಗಳಿಂದ ತೋಟದಲ್ಲಿ ನಿಂತು ಭಾಷಣ ಒಪ್ಪಿಸುತ್ತಿದ್ದರು. ತೆಂಗಿನ ಮರಗಳು ತುಂಬ ಮರ್ಯಾದೆಯಿಂದ ಕೇಳಿದ್ದವು.

ವಿಮಲಮ್ಮ ಚೀಲದ ಜಿಪ್ಪು ಎಳೆಯುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಕಾಡಸಿದ್ದಪ್ಪ ಮೇಷ್ಟ್ರು ಬಂದರು. ಇವರು ದಿನಾ ಹೋಟೆಲಿನಲ್ಲಿ ಪೇಪರನ್ನು ಮೂರು ಸಲ ಓದುವ ಪೈಕಿ.

"ಬ್ಯಾಟ್ರಿ ಬುಡಲ್ಲ ಕಣ್ರೀ," ಎಂದರು ಮೇಷ್ಟ್ರು. "ವಿಮಾನ ಅಪಹರಣ ಶುರುವಾದ ಮೇಲೆ ಪೊಲೀಸರು ಬ್ಯಾಟ್ರಿ, ಸೆಲ್ಲು ಎಲ್ಲ ಕಿತ್ಕೊಂತಾರೆ."

ಸರಿ, ಹಾಗಾದರೆ ಬ್ಯಾಟರಿ ಮನೆಯಲ್ಲೇ ಇರಲಿ ಎನ್ನಬೇಕೆಂದು ಶಂಭುಲಿಂಗಯ್ಯನವರು ಬಾಯಿ ತೆರೆದರು. ಆದರೆ ತೆಂಗಿನವರ ಲೆಕ್ಕವೇ ಬೇರೆ. ಹತ್ತು ಗುಂಡಿ ತೋಡಿದವರು ಹನ್ನೆರಡು ಸಸಿ ತಂದಿಟ್ಟುಕೊಳ್ಳುತ್ತಾರೆ, ಎರಡು ಸತ್ತರೂ ಸಾಲು ತುಂಬಿರಲಿ ಎಂದು. ಒಂದು ಬ್ಯಾಟರಿ ಹೋಗುವುದೇ ಖಂಡಿತವಾದರೆ ಎರಡು ಇಡುವುದೇ ಸರಿಯೆಂದು ಮೇಷ್ಟ್ರೂ ವಿಮಲಮ್ಮನೂ ತೀರ್ಮಾನಿಸಿದರು. ಮೇಷ್ಟ್ರು ಮನೆಗೆ ಓಡಿಹೋಗಿ ತಮ್ಮ ಹೆಬ್ಬೆರಳು ಗಾತ್ರದ ಬ್ಯಾಟರಿ ತಂದರು. ದಿಲ್ಲಿಗೆಂದೇ ಕೊಂಡಿದ್ದ ಹೊಸ ಬೂಟಿನ ಕಾಲುಚೀಲದೊಳಗೆ ಅದನ್ನು ಅವರೇ ಬಗ್ಗಿ ಸೇರಿಸಿದರು. ಅಲ್ಲಿ ಯಾರೂ ನೋಡುವುದಿಲ್ಲವಂತೆ. ಪಂಚೆಯ ಕೆಳಗೆ ಬೂಟು ಹಾಕಿಕೊಂಡು ಮೊದಲೇ ನಾಟಕದ ಪಾತ್ರದಂತೆ ಕಾಣುತ್ತಿದ್ದ ಶಂಭುಲಿಂಗಯ್ಯನವರು ಈಗ ಕುಂಟತೊಡಗಿದರು.

ತಾಯಿ ಕಲ್ಲಮ್ಮನವರು ರೊಟ್ಟಿ ಚಟ್ನಿಪುಡಿ ಕಟ್ಟಿಕೊಟ್ಟರು. ಗಂಟು ಅಷ್ಟೇಕೆ ಗಟ್ಟಿಯಾಗಿದೆ ಎಂದು ಮಗ ಕೇಳಿದ್ದಕ್ಕೆ, ಒಂದು ಬ್ಯಾಟ್ರಿ ಮಡಗಿದೀನಿ ಕಣಪ್ಪ, ಉಣ್ಣೋ ಗಂಟಿಗೆ ಯಾವ ಪೊಲೀಸಪ್ಪ ಕೈ ಹಾಕ್ತಾನೆ ಎಂದರು. ಎಂಬತ್ತರ ಮುದುಕಿಗೆ ಏನು ಹೇಳುವುದು.

ಬಸ್ ಸ್ಟ್ಯಾಂಡಿನಲ್ಲಿ ಕರಿಬಸವಯ್ಯನವರು ಹೂವಿನ ಹಾರ ಹಿಡಿದು ಕಾಯುತ್ತಿದ್ದರು. ಸೋತವರು ಮುಖ ತಿರುಗಿಸಿಕೊಂಡಾರೆಂದು ಇವರು ಅಂಜಿದ್ದರೆ, ಅವರೋ ತಾವೂ ವಿಮಾನ ನಿಲ್ದಾಣದವರೆಗೆ ಬಂದು ಕಳಿಸಿಕೊಟ್ಟೇ ವಾಪಸ್ಸಾಗುವುದೆಂದು ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಟೀ ಕುಡಿಸಿದರು. ಬ್ಯಾಟರಿಗಳ ಕಥೆ ಕೇಳಿ, ತಮ್ಮದೂ ಒಂದಿರಲಿ ಎಂದು ಪೆನ್ನಿನಷ್ಟೇ ಉದ್ದದ್ದೊಂದನ್ನು ಇವರ ಜುಬ್ಬದ ಜೇಬಿಗೆ ಸಿಕ್ಕಿಸಿದರು. ಎಂಥ ದೊಡ್ಡ ಮನುಷ್ಯರು, ಇವರ ವಿರುದ್ಧ ನಿಂತೆನಲ್ಲ ಎಂದು ಶಂಭುಲಿಂಗಯ್ಯನವರ ಕಣ್ಣು ತೇವವಾಯಿತು.

ಸಂಜೆ ಆರೂವರೆಗೆ ಕರಿಬಸವಯ್ಯನವರನ್ನು ಹೊರಗಿನ ಕಂಬಿಯ ಆಚೆ ಬಿಟ್ಟು ಶಂಭುಲಿಂಗಯ್ಯನವರು ತಪಾಸಣೆಯ ಸಾಲಿನಲ್ಲಿ ನಿಂತರು. ಮುಂದೆ ಬಾಗಿಲಿಲ್ಲದ ಒಂದು ಚೌಕಟ್ಟು. ಅದರೊಳಗೆ ಇವರು ಹೊಕ್ಕೊಡನೆ ಅದು ಅರಚಿಕೊಂಡಿತು. ಪೊಲೀಸಿನವನು ಜೇಬಿಗೆ ಕೈ ಹಾಕಿ ಪೆನ್ನು ಬ್ಯಾಟರಿ ತೆಗೆದ. ಮತ್ತೆ ಹೊಕ್ಕರು, ಮತ್ತೆ ಅರಚಿತು. ಬೂಟು ಬಿಚ್ಚಿಸಿದರು, ಹೆಬ್ಬೆರಳು ಬ್ಯಾಟರಿ ಬಂತು. ಚೀಲದಿಂದ ಮೂರನೆಯದು ಬಂತು. ಇಷ್ಟೇನಾ ಎಂದು ಇನ್ಸ್‌ಪೆಕ್ಟರು ಕೇಳಿದಾಗ ಸುಳ್ಳು ಹೇಳಿ ಅಭ್ಯಾಸವಿಲ್ಲದ ಶಂಭುಲಿಂಗಯ್ಯನವರು ರೊಟ್ಟಿಯ ಗಂಟನ್ನೂ ತಾವೇ ಬಿಚ್ಚಿ ತೋರಿಸಿದರು. ಚಟ್ನಿಪುಡಿ ಮೆತ್ತಿದ ನಾಲ್ಕನೆಯದು ಮೇಜಿನ ಮೇಲೆ ಉರುಳಿತು.

"ಯಜಮಾನ್ರೇ, ಒಬ್ಬ ಮನುಷ್ಯನಿಗೆ ನಾಲ್ಕು ಬ್ಯಾಟರಿ ಯಾಕ್ರೀ?" ಎಂದರು ಇನ್ಸ್‌ಪೆಕ್ಟರು.

ಕತ್ತಲಾದರೆ ಬಚ್ಚಲಿಗೆ ಎಂದು ನಿಜವನ್ನೇ ಹೇಳಿದರು. ಹೇಳಿದ ಮೇಲೆ ಅದು ಅವರ ಕಿವಿಗೇ ನಂಬುವಂತೆ ಕೇಳಿಸಲಿಲ್ಲ. ಬಚ್ಚಲಿಗೆ ಹೋಗುವವನು ಬ್ಯಾಟರಿಯನ್ನು ಕಾಲುಚೀಲದಲ್ಲಿ ಏಕೆ ಬಚ್ಚಿಡುತ್ತಾನೆ. ಇನ್ಸ್‌ಪೆಕ್ಟರು ಸೆಲ್ಲು ಕಿತ್ತಿಟ್ಟು ಕಳಿಸಿಬಿಡುತ್ತಿದ್ದರೋ ಏನೋ, ಆದರೆ ಬಚ್ಚಿಟ್ಟದ್ದರಿಂದ ಮಹಜರ್ ಬರೆಯಲೇಬೇಕು ಎಂದು ಮೂರು ಹಾಳೆಗಳ ನಡುವೆ ಕಾರ್ಬನ್ ಸೇರಿಸಿ, ಪೆನ್ನು ತೆಗೆದು, ತಂದೆಯ ಹೆಸರು ಕೇಳಿದರು. ಶಂಭುಲಿಂಗಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು.

ಹೊರಗೆಲ್ಲೋ ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಚೌಕಟ್ಟು ಸತ್ತಿತು, ವಿಮಾನಗಳ ಹೊತ್ತು ಕೂಗುತ್ತಿದ್ದ ಮೈಕೂ ಸತ್ತಿತು. ಸಾಲಿನಲ್ಲಿದ್ದ ಅರವತ್ತು ಜನ ಗೊಣಗತೊಡಗಿದರು. ಆ ಕತ್ತಲಲ್ಲಿ ಶಂಭುಲಿಂಗಯ್ಯನವರ ಕೈ ತಾನಾಗಿ ಮೇಜಿನತ್ತ ಹೋಗಿ ಒಂದು ಬ್ಯಾಟರಿ ಹೊತ್ತಿಸಿತು. ಅರವತ್ತು ತಲೆಗಳೂ ಅವರ ಕಡೆ ತಿರುಗಿದವು.

ಮುಂದಿನ ಅರ್ಧ ಗಂಟೆ ಅವರ ಬಾಳಿನ ಒಳ್ಳೆಯ ಗಳಿಗೆ. ಇಬ್ಬರು ಪೇದೆಗಳ ಕೈಗೊಂದೊಂದು ಬ್ಯಾಟರಿ ಕೊಟ್ಟರು, ಹೆಂಗಸರನ್ನು ತಪಾಸಣೆ ಮಾಡುವಾಕೆಗೆ ಪರದೆಯ ಹಿಂದಕ್ಕೊಂದು ಕಳಿಸಿದರು, ಒಂದನ್ನು ತಾವೇ ಹಿಡಿದು ಇನ್ಸ್‌ಪೆಕ್ಟರ ಪಕ್ಕ ನಿಂತರು. ಕೈಯಿಂದ ತಡವಿ ನೋಡುವ ತಪಾಸಣೆಗೆ ಬೆಳಕು ಎಲ್ಲಿ ಬೀಳಬೇಕೆಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ. ನಿಮ್ಮದು ಮೊದಲು ಮುಗಿಸೋಣವೇ ಎಂದು ಇನ್ಸ್‌ಪೆಕ್ಟರು ಒಮ್ಮೆ ಕೇಳಿದರು. ಇವರೆಲ್ಲ ಹೋಗಲಿ ಬಿಡಿ, ನನ್ನದೇನು ಅವಸರ ಎಂದುಬಿಟ್ಟರು ಪುಣ್ಯಾತ್ಮರು. ಪ್ರತಿಯೊಬ್ಬರೂ ಥ್ಯಾಂಕ್ಸ್ ಹೇಳಿ ವಿಮಾನದ ಕಡೆ ನಡೆದರು.

ಕೊನೆಯವರು ಹೋದ ಮೇಲೆ ಮಹಜರ್ ಮುಂದುವರಿಯಿತು. ಶಂಭುಲಿಂಗಯ್ಯನವರ ಮೇಲೆ ಈಗ ಇನ್ಸ್‌ಪೆಕ್ಟರಿಗೆ ಬಹಳ ಗೌರವ, ಆದರೆ ಬರೆಯಲು ಶುರು ಮಾಡಿದ ಕಾಗದವನ್ನು ಹರಿಯುವಂತಿಲ್ಲ. ಸದರಿ ಬ್ಯಾಟರಿಗಳನ್ನು ಸದರಿ ಬ್ಯಾಟರಿಗಳ ಬೆಳಕಿನಲ್ಲೇ ಪರಿಶೀಲಿಸಲಾಗಿ ಎಂದು ಬರೆಯುತ್ತ ಹೋದರು. ಬೆಳಕು ಹಿಡಿದದ್ದು ಆರೋಪಿಯೇ.

ವಿಮಾನ ಕಂಪನಿಯ ಆಸಾಮಿ ಪಟ್ಟಿ ಹಿಡಿದು ಏದುಸಿರು ಬಿಡುತ್ತ ಬಂದು, ಇವರು ಬರ್ತಾರೋ ಇಲ್ಲವೋ ಎಂದು ಕೇಳಿದ. ಇನ್ನೂ ಇಬ್ಬರು ಸಾಕ್ಷಿಗಳ ಸಹಿ ಆಗಬೇಕು ಎಂದರು ಇನ್ಸ್‌ಪೆಕ್ಟರು. ಕಾಯಲಾಗುವುದಿಲ್ಲ, ಈ ಸೀಟನ್ನು ವೇಟಿಂಗ್ ಲಿಸ್ಟಿನವರಿಗೆ ಕೊಡುತ್ತೇನೆಂದು ಆತ ಓಡಿದ. ಸ್ವಾಮಿ, ನನ್ನ ಭಾಷಣ, ಎಂದು ಶಂಭುಲಿಂಗಯ್ಯನವರು ಶುರು ಮಾಡಿದರು. ಇನ್ಸ್‌ಪೆಕ್ಟರು ನಡುವೆ ಬಾಯಿ ಹಾಕಿ ವಯಸ್ಸೆಷ್ಟು ಎಂದರು.

ಆಸಾಮಿ ವೇಟಿಂಗ್ ಲಿಸ್ಟಿನವರನ್ನು ಎಳೆದುಕೊಂಡೇ ಬಂದ. ತಪಾಸಣೆಗೆ ಬೆಳಕು ಬೇಕಲ್ಲ, ಶಂಭುಲಿಂಗಯ್ಯನವರು ಬ್ಯಾಟರಿ ಎತ್ತಿದರು. ಬೆಳಕಿನಲ್ಲಿ ಕಂಡದ್ದು ಕರಿಬಸವಯ್ಯನವರ ಮುಖ.

"ಇರ್ಲಿ ಅಂತ ಹೋದ ವಾರವೇ ಒಂದು ಟಿಕೆಟ್ ಮಾಡ್ಸಿದ್ದೆ ಕಣ್ರೀ," ಎಂದರು ಅವರು, ಎರಡೂ ಕೈ ಮೇಲೆತ್ತಿ ತಡವಿಸಿಕೊಳ್ಳುತ್ತ. "ಇಲ್ದಿದ್ರೆ ಈಗ ನಮ್ಮ ತಾಲ್ಲೂಕಿನ ಮರ್ಯಾದೆ ಏನಾಗ್ತಿತ್ತು ಹೇಳಿ. ನಾನೇನೂ ಬರ್ಕೊಂಡು ಬಂದಿಲ್ಲ. ನಿಮ್ಮ ಭಾಷಣ ಕೊಡಿ ಇತ್ಲಾಗೆ."

ಈ ಮನುಷ್ಯನಿಗೆ ನಾಲ್ಕು ಮಾತು ಅಂದುಬಿಡಬೇಕು ಎಂದು ಶಂಭುಲಿಂಗಯ್ಯನವರಿಗೆ ಎನಿಸಿತು. ಅಷ್ಟರಲ್ಲಿ ಕೈ ಜೇಬಿಗೆ ಹೋಗಿ ಹಾಳೆಗಳನ್ನು ತೆಗೆದುಕೊಟ್ಟಾಗಿತ್ತು.

ಕರಿಬಸವಯ್ಯನವರು ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಇನ್ಸ್‌ಪೆಕ್ಟರ ಪೆನ್ನು ಈಸಿಕೊಂಡರು. ಮೊದಲ ಸಾಲಿನಲ್ಲಿ 'ತುರುವೇಕೆರೆಯ ಶಂಭುಲಿಂಗಯ್ಯನಾದ ನಾನು' ಎಂದಿತ್ತು. ಅದರ ಮೇಲೆ ಪೆನ್ನು ಊರಿ ತಡೆದರು.

"ಸರಿಯಾಗಿ ಕಾಣಾಕಿಲ್ಲ. ನಿಮ್ಮ ಹೆಸರಿನ ಮೇಲೆ ಸ್ವಲ್ಪ ಹಿಡೀರಿ, ಹೊಡೆದಾಕ್ಬುಡ್ತೀನಿ."

ಶಂಭುಲಿಂಗಯ್ಯನವರು ಹಿಡಿದರು. ಬೆಳಕು ಹೆಸರಿನ ಮೇಲೆ ನೆಟ್ಟಗೆ ಬಿತ್ತು, ಕರಿಬಸವಯ್ಯನವರ ಕಣ್ಣಿಗೆ ಒಂದಿಷ್ಟೂ ಹೊಡೆಯಲಿಲ್ಲ.