ತುತ್ತು ಹಂಚಿದ ನಚಿಕೇತರ ಮೇಲೊಂದು ದೂರು

ಮಾನ್ಯ ನಚಿಕೇತ ಅವರೇ,

ಮೂರೂವರೆ ವರ್ಷಗಳ ತಮ್ಮ ಸುದೀರ್ಘ ಸಾರ್ವಜನಿಕ ಜೀವನಕ್ಕೆ, ತಮ್ಮ ಚಡ್ಡಿಯ ಎರಡೂ ಜೇಬುಗಳಿಗೆ ಮತ್ತು ಅವುಗಳೊಳಗೆ ಅಡಗಿರಬಹುದಾದ ಸಮಸ್ತ ತಿನಿಸುಗಳಿಗೆ ಮೊದಲಾಗಿ ನಮಸ್ಕಾರಗಳು. ಬೈಯಪ್ಪನಹಳ್ಳಿ ಮೆಟ್ರೊ ಡಿಪೋ ಹಿಂದಿನ ರಸ್ತೆಯಲ್ಲಿ, ಸ್ವಂತ ಮನೆಯ ಹಾಲ್‌ನಲ್ಲೇ ಡೇಕೇರ್ ನಡೆಸುವ ನಾನು ತಮ್ಮ ಮೇಲೆ ಈ ದೂರನ್ನು ಅತ್ಯಂತ ವಿನಯದಿಂದ ಸಲ್ಲಿಸುತ್ತಿದ್ದೇನೆ.

ನಮ್ಮಲ್ಲಿ ಶಿಶಿರ್‌ಗೆ ಹಾಲು ಆಗದು, ಪ್ರಿಯಂವದಾಗೆ ಗೋಧಿ ಆಗದು, ತಮ್ಮ ಆಪ್ತಮಿತ್ರ ಸುಗತನಿಗೆ ಕಡಲೆಕಾಯಿ ಮುಟ್ಟಿಸಲೂ ಕೂಡದು. ಹಿಂದೊಮ್ಮೆ ಯಾರದೋ ಮದುವೆಮನೆಯ ಚಿತ್ರಾನ್ನದಲ್ಲಿದ್ದ ಒಂದೇ ಬೀಜಕ್ಕೆ ಅವನ ತುಟಿ ಊದಿ, ಉಸಿರು ಕಟ್ಟಿ, ಅವನಮ್ಮ ಯಮುನಾ ಚಪ್ಪಲಿಯನ್ನೂ ಮೆಟ್ಟದೆ ಆಸ್ಪತ್ರೆಗೆ ಆಟೊ ಹತ್ತಿದ್ದರು. ಆದ್ದರಿಂದಲೇ ನಾನು ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಒಂದೇ ಬೇಸಿನ್ನಿನಿಂದ ಕೈತುತ್ತು ಹಾಕುವುದನ್ನು ನಿಲ್ಲಿಸಿ, ಬೇರೆ ಬೇರೆ ಚಾಪೆ, ಬೇರೆ ಬೇರೆ ಬಣ್ಣದ ತಟ್ಟೆ, ಅವರವರ ಮನೆಯ ಡಬ್ಬಿ ಎಂಬ ಘನವಾದ ವ್ಯವಸ್ಥೆಯನ್ನು ಜಾರಿಗೆ ತಂದದ್ದು.

ಈ ವ್ಯವಸ್ಥೆಯನ್ನು ತಾವು ಕಳೆದ ಸೋಮವಾರ ಧಿಕ್ಕರಿಸಿದಿರಿ. ಕಡಲೆಕಾಯಿ ಚಟ್ನಿಪುಡಿ ಸವರಿದ ಇಡ್ಲಿಯ ಚೂರನ್ನು ಹಿಡಿದು, ಮಂಡಿಯೂರಿ ಸುಗತನ ಚಾಪೆಯವರೆಗೆ ಪ್ರಯಾಣ ಮಾಡಿ, “ಆ ಮಾಡು ಮಗಾ” ಎಂದು ಹಿರಿಯರ ಗತ್ತಿನಲ್ಲಿ ಅಪ್ಪಣೆ ಕೊಟ್ಟಿರಿ. ಅವನೂ ಬಾಯಿ ಅಗಲಿಸಿದ. ನಾನು ನೀರಿನ ಜಗ್ಗು ಬಿಸಾಡಿ ಬಂದು ತಮ್ಮ ಕೈ ಹಿಡಿದದ್ದು ನಿಜ, ಕಿರುಚಿದ್ದೂ ನಿಜ. ಹಂಚಿಕೊಂಡು ತಿನ್ನಬೇಕೆಂದು ಬೆಳಿಗ್ಗೆ ಹೇಳಿಕೊಟ್ಟವಳೇ ಮಧ್ಯಾಹ್ನ ಹಂಚಿದವರನ್ನು ಗದರುವುದು ಯಾವ ನ್ಯಾಯ ಎಂಬಂತೆ ತಾವು ನನ್ನನ್ನು ನೋಡಿದಿರಿ. ಗದರಿದ್ದಕ್ಕೆ ನನಗೆ ಬೇಜಾರಿದೆ, ಕೈ ಹಿಡಿದದ್ದಕ್ಕೆ ಇಲ್ಲ.

ಮಂಗಳವಾರ ಮುನ್ನೆಚ್ಚರಿಕೆಯಾಗಿ ಸುಗತನ ಚಾಪೆಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದು ಒಬ್ಬನನ್ನೇ ಕೂರಿಸಿದೆ. ಅವನು ಎಲ್ಲರಿಗೂ ಬೆನ್ನು ಹಾಕಿ, ತಟ್ಟೆ ಮುಟ್ಟದೆ ಕುಳಿತ. ಆಗ ತಾವು ಡಬ್ಬಿಯ ಮುಚ್ಚಳವನ್ನೇ ತೆಗೆಯದೆ ನನಗೊಪ್ಪಿಸಿ, ಕೈಯನ್ನು ಮೊಣಕೈವರೆಗೆ ಅಂಗಿಯ ಸಮೇತ ಸೋಪು ಹಚ್ಚಿ ತೊಳೆದುಕೊಂಡು ಬಂದು, “ಅವ್ನಿಗೆ ಆಗೋದೇ ನಂಗೂ ಹಾಕಿ ಆಂಟಿ” ಎಂದು ಅವನ ಪಕ್ಕ ಕುಳಿತಿರಿ. ಹಿಂದೆಯೇ ಶಿಶಿರ್ ಬಂದ. ಪ್ರಿಯಂವದಾ ತನ್ನ ಚಾಪೆಯನ್ನು ತಾನೇ ಸುತ್ತಿಕೊಂಡು ಬಂದಳು.

ಹೀಗೆ ನನ್ನ ವ್ಯವಸ್ಥೆ ಒಂದೇ ಊಟಕ್ಕೆ ನೆಲಕಚ್ಚಿತು. ಹಾಲು, ಗೋಧಿ, ಕಡಲೆಕಾಯಿ ಎಲ್ಲವನ್ನೂ ಬಿಟ್ಟು ನೋಡಿದರೆ ಉಳಿದದ್ದು ಬಿಸಿ ಅನ್ನ, ತೊಗರಿಬೇಳೆ ಸಾರು, ತುಪ್ಪಕ್ಕೂ ಜಾಗವಿಲ್ಲ. ಈಗ ಮತ್ತೆ ಅದೇ ಬೇಸಿನ್ನು, ಅದೇ ಕೈತುತ್ತು, ಬಣ್ಣದ ತಟ್ಟೆಗಳು ಅಟ್ಟ ಸೇರಿವೆ, ಸುಗತನೋ ತನ್ನ ಸರದಿ ಬರುವ ಮೊದಲೇ ಬಾಯಿ ತೆರೆದಿರುತ್ತಾನೆ. ಇದಕ್ಕೆಲ್ಲ ತಾವೇ ಹೊಣೆ.

ಆದಕಾರಣ ತಾವು ದಯಮಾಡಿ ಇನ್ನು ಮುಂದೆ ದೊಡ್ಡವರಾಗಬಾರದೆಂದು ಕೋರುತ್ತೇನೆ. ಅದು ಸಾಧ್ಯವಿಲ್ಲವೆಂದಾದರೆ ಇಂದಿರಾನಗರದ ಹೋಟೆಲುಗಳವರನ್ನೂ ಊರಿನ ಸಮಸ್ತ ಅಡುಗೆ ಭಟ್ಟರನ್ನೂ ಸಾಲಾಗಿ ನಿಲ್ಲಿಸಿ, ಸುಗತನಂಥವರಿಗೆ ಬಡಿಸುವ ಮುನ್ನ ಕೈ ತೊಳೆಯುವುದು ಹೇಗೆಂದು ಖುದ್ದಾಗಿ ತೋರಿಸಿಕೊಡಬೇಕು. ಅಂಗಿ ಒದ್ದೆಯಾದರೆ ನಾನು ಬದಲಿಸುತ್ತೇನೆ.

ಮುಂದಿನ ತುತ್ತು ಕೈಯಲ್ಲಿ ಹಿಡಿದೇ ಬರೆಯುತ್ತಿರುವ,
ತಮ್ಮ ವಿಶ್ವಾಸಿ,
ರಂಜನಾ ಆಂಟಿ

ತಾ.ಕ.: ತಮಗಿನ್ನೂ ಓದಲು ಬಾರದ ಕಾರಣ ಈ ಪತ್ರವನ್ನು ಗೇಟಿಗೆ ಅಂಟಿಸಿದ್ದೇನೆ, ತಮ್ಮ ತಂದೆ ಭೀಮೇಶ್ ಅವರಿಂದ ಓದಿಸಿಕೊಳ್ಳಿ. ಆದರೆ ಇದೇ ಗೇಟಿನಲ್ಲಿ ‘ಕಡಲೆಕಾಯಿ ತರಬೇಡಿ’ ಎಂದು ಅಂಗೈಯಗಲದ ಅಕ್ಷರಗಳಲ್ಲಿ ಬರೆದಿರುವ ಬೋರ್ಡನ್ನು ದಾಟಿಕೊಂಡೇ ಅವರು ಆ ಚಟ್ನಿಪುಡಿಯ ಡಬ್ಬಿಯನ್ನು ತಂದುಕೊಟ್ಟಿದ್ದರಿಂದ, ಅವರಿಗೂ ಇನ್ನೂ ಅಕ್ಷರಾಭ್ಯಾಸ ಆಗಿಲ್ಲವೇನೋ ಎಂಬ ಅನುಮಾನ ನನಗಿದೆ. ಹಾಗಿದ್ದರೆ ಸಂಕೋಚ ಬೇಡ, ನಮ್ಮಲ್ಲಿ ಒಂದು ಸೀಟು ಖಾಲಿ ಇದೆ. ನಾಳೆ ಬೆಳಿಗ್ಗೆ ತಾವೇ ಕೈ ಹಿಡಿದು ಕರೆತನ್ನಿ. ಮೊದಲೆರಡು ದಿನ ಅಳುತ್ತಾರೆ, ಆಮೇಲೆ ಸರಿಹೋಗುತ್ತಾರೆ.