ನನ್ನ ಪಟ್ಟಿ, ಹೊಲಿಗೆ ಅಕ್ಕನ ಕೋಳಿ

ಕೋಳಿ ಕೆಮ್ಮುತ್ತದೆಯೇ? ಕೆಮ್ಮಿದರೆ ಆ ಕೆಮ್ಮು ಐದಡಿ ಎತ್ತರದ ಕಾಂಪೌಂಡ್ ಗೋಡೆ ಹತ್ತಿ ಈಚೆ ಇಳಿಯುತ್ತದೆಯೇ? ಇಳಿದು, ಅಡುಗೆಮನೆಯ ಕಿಟಕಿಯಿಂದ ನುಗ್ಗಿ, ಎರಡು ವರ್ಷದ ನನ್ನ ಮಗಳ ಮೂಗನ್ನೇ ಹುಡುಕಿಕೊಂಡು ಹೋಗುತ್ತದೆಯೇ? ಒಂದು ತಿಂಗಳಿನಿಂದ ಈ ಪ್ರಶ್ನೆ ನನ್ನ ತಲೆಯೊಳಗೆ ಕಾವಿಗೆ ಕೂತಿತ್ತು.

ಗಂಡನನ್ನು ಕೇಳಿದೆ. "ಕೋಳಿ ಕೆಮ್ಮುತ್ತೋ ಇಲ್ವೋ ಗೊತ್ತಿಲ್ಲ ಕಣೇ. ನೀನು ಹೀಗೇ ಗೋಡೆ ಮೇಲಿಂದ ಬಗ್ಗಿ ನೋಡ್ತಾ ಇದ್ರೆ ಅದಕ್ಕೆ ಎದೆನೋವು ಗ್ಯಾರಂಟಿ," ಎಂದರು. (ಗಂಡಸರಿಗೆ ಕ್ರಿಮಿಗಳ ಬಗ್ಗೆ ಗಾಂಭೀರ್ಯವೇ ಇಲ್ಲ. ಫೋನನ್ನು ದಿನಕ್ಕೆ ಮೂರು ಸಲ ಔಷಧಿ ಬಟ್ಟೆಯಿಂದ ಒರೆಸುವವಳು ನಮ್ಮ ಮನೆಯಲ್ಲಿ ನಾನೊಬ್ಬಳೇ.)

ಕೋಳಿಗಳು ಪಕ್ಕದ ಮನೆಯವು. ಅಲ್ಲಿರುವವರನ್ನು ಬಡಾವಣೆಯೆಲ್ಲ ಹೊಲಿಗೆ ಅಕ್ಕ ಎನ್ನುತ್ತದೆ. ಮುಂದಿನ ಕೋಣೆಯಲ್ಲಿ ಮಿಷನ್ನು, ಹಿತ್ತಲಲ್ಲಿ ನಾಲ್ಕು ಕೋಳಿ. ಅವುಗಳ ಹೆಸರು ಕಾಜಾ, ಗುಂಡಿ, ಹುಕ್ಕು, ಜಿಪ್ಪು. ನನ್ನ ರವಿಕೆಗೆ ಹುಕ್ಕು ಹಚ್ಚಿದ ಕೈಯೇ ಆ ಹುಕ್ಕಿಗೂ ಕಾಳು ಹಾಕುತ್ತದೆಂದು ತಿಳಿದ ದಿನ ಹೊಸ ರವಿಕೆಯನ್ನು ಮೂರು ಸಲ ಒಗೆದೆ. ಮೂರನೆಯ ಸಲಕ್ಕೆ ಅದು ಮಗಳಿಗೆ ಸರಿಹೋಗುವಷ್ಟಾಗಿತ್ತು.

ಮಗಳೆಂದರೆ ನೆನಪಾಯಿತು. ಅವಳು ಊಟ ಮಾಡುತ್ತಿರಲಿಲ್ಲ. ತುತ್ತು ಕಂಡರೆ ಸಾಕು, ಬಾಯಿಗೆ ಬೀಗ. ಹಾಡು, ಕುಣಿತ, ಗದರಿಕೆ, ಕಣ್ಣೀರು (ನನ್ನದು) ಎಲ್ಲ ಮುಗಿದ ಮೇಲೆ ನಾನೊಂದು ವೈಜ್ಞಾನಿಕ ಪಟ್ಟಿ ತಯಾರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಹನ್ನೊಂದೂವರೆಗೆ ಊಟ, ಇಷ್ಟು ಅನ್ನ, ಇಷ್ಟು ಕ್ಯಾರೆಟ್ಟು. ಆ ಹೊತ್ತಿಗೆ ನಾನು ಕೋಣೆಯ ಬಾಗಿಲು ಹಾಕಿಕೊಂಡು ಆಫೀಸಿನ ಕೆಲಸದಲ್ಲಿರುತ್ತೇನೆ. ತಿನ್ನಿಸುವುದು ಅತ್ತೆಯ ಪಾಲು. ಏನಾಶ್ಚರ್ಯ! ಅಂದಿನಿಂದ ತಟ್ಟೆ ಖಾಲಿ. ಇಪ್ಪತ್ತೆರಡು ದಿನ, ಇಪ್ಪತ್ತೆರಡು ಹಸಿರು ಗೆರೆ. ಡಾಕ್ಟರು ತೂಗಿ, "ನಾನೂರು ಗ್ರಾಂ ಹೆಚ್ಚಾಗಿದೆ, ಏನು ಮಾಡಿದ್ರಿ?" ಎಂದರು. "ಪಟ್ಟಿ ಮಾಡಿದೆ," ಎಂದೆ, ವಿನಯದಿಂದ.

ಇಂಥ ಸಾಧನೆಯನ್ನು ಕೋಳಿಯ ಕೆಮ್ಮಿಗೆ ಬಲಿ ಕೊಡುವುದೇ? ಹನ್ನೊಂದು ಅಂಶಗಳ ಅರ್ಜಿ ಬರೆದು ಬಡಾವಣೆಯ ಸಂಘಕ್ಕೆ ಕೊಟ್ಟೆ. ಭಾನುವಾರ ಸಭೆ ಸೇರಿತು. ಅಧ್ಯಕ್ಷರು ನಿವೃತ್ತ ಗಣಿತ ಮೇಷ್ಟ್ರು.

ಮೂಲೆಮನೆಯ ಯಜಮಾನರು ಮೊದಲೇ ಎದ್ದರು. "ದಿನಾ ಬೆಳಗ್ಗೆ ಐದಕ್ಕೆ ಕೂಗುತ್ತೆ ಕಣ್ರೀ! ನಿದ್ದೆ ಅನ್ನೋದೇ ಇಲ್ಲ!"

"ಕೂಗೋದು ಹುಂಜ, ಸ್ವಾಮಿ. ನನ್ನ ಹತ್ರ ಇರೋವು ನಾಲ್ಕೂ ಹೆಣ್ಣು," ಎಂದರು ಹೊಲಿಗೆ ಅಕ್ಕ.

"ಹಾಗಾದ್ರೆ ಕೂಗ್ತಿರೋದು ಯಾರು?"

"ನಿಮ್ಮ ಫೋನು ರೀ," ಎಂದರು ಅವರ ಹೆಂಡತಿ. "ವಾಕಿಂಗ್ ಹೋಗ್ತೀನಿ ಅಂತ ನೀವೇ ಇಟ್ಟಿರೋ ಅಲಾರಂ."

ಸಭೆ ನಕ್ಕು ಹಗುರವಾಯಿತು. ಇನ್ನು ನನ್ನ ಸರದಿ. ಎದ್ದು ನಿಂತದ್ದೇ ತಡ, ಅತ್ತೆ ಹಿಂದಿನಿಂದ ನನ್ನ ದುಪಟ್ಟಾ ಜಗ್ಗಿದರು. ಧೈರ್ಯ ತುಂಬುತ್ತಿದ್ದಾರೆ ಪಾಪ ಎಂದು ಮನಸ್ಸು ತುಂಬಿಬಂತು. ಹನ್ನೊಂದೂ ಅಂಶ ಓದಿದೆ. ಕೊನೆಗೆ ಬ್ರಹ್ಮಾಸ್ತ್ರವಾಗಿ ಫ್ರಿಜ್ಜಿನ ಪಟ್ಟಿಯನ್ನೇ ಎತ್ತಿ ಹಿಡಿದೆ. "ಶುಚಿಯಾದ ವಾತಾವರಣದಲ್ಲಿ ನನ್ನ ಮಗಳು ಹೇಗೆ ಊಟ ಮಾಡ್ತಿದ್ದಾಳೆ, ನೀವೇ ನೋಡಿ!"

ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಾರೋ ಕರ್ಚೀಫು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು. ಇಷ್ಟು ಭಾವುಕ ಜನರೆಂದು ನನಗೆ ತಿಳಿದಿರಲಿಲ್ಲ.

ಹೊಲಿಗೆ ಅಕ್ಕ ಎದ್ದರು. ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. "ನನ್ನ ಹತ್ರಾನೂ ಒಂದು ಮಾತಿದೆ. ಹೇಳಿದ್ರೆ ಗೆದ್ದುಬಿಡ್ತೀನಿ. ಬೇಡ ಬಿಡಿ. ಹೆತ್ತವಳ ಭಯದ ಮುಂದೆ ನನ್ನ ಕೋಳಿ ಏನು ದೊಡ್ಡದು? ನಾಳೆ ಊರಾಚೆ ನಮ್ಮ ತಂಗಿ ಮನೇಲಿ ಬಿಡ್ತೀನಿ. ಅವು ಹೊಂದ್ಕೊಳ್ಳೋ ತನಕ ನಾನೂ ಅಲ್ಲೇ ಇರ್ತೀನಿ."

ಗೆದ್ದೆ.

ಸೋಮವಾರ ತಟ್ಟೆ ತುಂಬಿದಂತೆಯೇ ವಾಪಸ್ಸು ಬಂತು. ಮಂಗಳವಾರವೂ. ಕ್ಯಾರೆಟ್ಟನ್ನು ನಕ್ಷತ್ರದ ಆಕಾರಕ್ಕೆ ಕತ್ತರಿಸಿದೆ, ನಕ್ಷತ್ರಗಳೂ ವಾಪಸ್ಸು. ಬುಧವಾರ ರಜೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿ ನಿಂತೆ. ಮಗಳು ತಟ್ಟೆ ಹಿಡಿದುಕೊಂಡು ತಪ್ಪುಹೆಜ್ಜೆ ಹಾಕುತ್ತ ಹಿತ್ತಲಿಗೆ ಹೋದಳು. ಗೋಡೆಯ ಬುಡದಲ್ಲಿ ಒಂದು ಕಲ್ಲು ಬಿದ್ದುಹೋದ ಸಂದಿಯಿದೆ. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಅನ್ನವನ್ನು ಆ ಕಡೆಗೆ ಚಾಚಿ, "ಕಾಜಾ, ಬಾ," ಎಂದಳು. ಯಾರೂ ಬರಲಿಲ್ಲ. ತುಂಬ ಹೊತ್ತು ಕೈ ಹಾಗೇ ಇತ್ತು.

"ಅತ್ತೇ!" ಎಂದು ಕೂಗಿದೆ.

"ಕೂಗಬೇಡ, ಹೇಳ್ತೀನಿ," ಎಂದರು ಅತ್ತೆ. "ಒಂದು ತುತ್ತು ಕಾಜಾಗೆ, ಒಂದು ತುತ್ತು ಇವಳಿಗೆ. ಅದು ತಿಂದ್ರೆ ಇವಳೂ ತಿಂತಾಳೆ. ಅಷ್ಟೇನಮ್ಮಾ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಗೂನೂ ಕೋಳೀನೂ ಒಂದೇ ಬಕೆಟ್ಟಲ್ಲಿ ಅದ್ದಿ ತೆಗೀತಿದ್ದೆ ನೀನು."

"ಸಭೇಲಾದ್ರೂ ಹೇಳಬಹುದಿತ್ತಲ್ಲ!"

"ಜಗ್ಗಿದೆನಲ್ಲೇ! ದುಪಟ್ಟಾ ಹರಿಯೋ ಹಾಗೆ ಜಗ್ಗಿದೆ. ನೀನು ತಿರುಗಿ ನೋಡಿ ಥ್ಯಾಂಕ್ಸ್ ಅಂದೆ!"

"ಇನ್ಯಾರಿಗೆ ಗೊತ್ತು ಇದು?"

ಅತ್ತೆ ಬೆರಳು ಮಡಚತೊಡಗಿದರು. ನನ್ನ ಗಂಡ, ಹಾಲಿನವನು, ಮೂಲೆಮನೆಯವರು, ಹಿಂದಿನ ರಸ್ತೆಯಲ್ಲಿ ದಿನವೂ ನಡೆದುಹೋಗುವ ಅಧ್ಯಕ್ಷರು... ಕೈಬೆರಳು ಮುಗಿದು ಕಾಲು ನೋಡಿಕೊಂಡಾಗ ಸಾಕೆಂದೆ. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತೆಂದುಕೊಂಡ ಅಜ್ಜಿಯ ಕಥೆ ಕೇಳಿ ಚಿಕ್ಕವಳಿದ್ದಾಗ ಎಷ್ಟು ನಕ್ಕಿದ್ದೆ! ಆ ಅಜ್ಜಿಗಾದರೂ ಸ್ವಂತ ಕೋಳಿಯಿತ್ತು. ನನ್ನ ಬಳಿ ಇದ್ದದ್ದು ಪಟ್ಟಿ ಮಾತ್ರ, ಅದರಲ್ಲೂ ಅರ್ಧ ಊಟ ಕಾಜಾಳದು. (ಮಗಳು ನಾನೂರು ಗ್ರಾಂ ಏರಿದಳು ಸರಿ, ಕಾಜಾ ಎಷ್ಟು ಏರಿದಳೋ ಯಾರೂ ತೂಗಿಲ್ಲ.)

ಆದರೆ ನಾಚಿಕೆಗಿಂತ ದೊಡ್ಡದು ಇನ್ನೊಂದಿತ್ತು. ಗೆಲ್ಲುವ ಮಾತು ನಾಲಗೆಯ ತುದಿಯಲ್ಲಿದ್ದರೂ ನುಂಗಿಕೊಂಡು, ಬುಟ್ಟಿಯಲ್ಲಿ ಕೋಳಿ ತುಂಬಿಕೊಂಡು ಹೋದರಲ್ಲ ಆ ಅಕ್ಕ? ನಗು ತಡೆಯಲು ಕಣ್ಣೊರೆಸಿಕೊಂಡರಲ್ಲ ಅಧ್ಯಕ್ಷರು? ಇಡೀ ಬಡಾವಣೆ ನನ್ನ ಮಗಳ ಊಟವನ್ನೂ ಕಾದಿತ್ತು, ನನ್ನ ಮಾನವನ್ನೂ ಕಾದಿತ್ತು. ಇಂಥವರ ನಡುವೆ ಕೂತು ನಾನು ಕ್ರಿಮಿ ಹುಡುಕುತ್ತಿದ್ದೆ.

ಅಧ್ಯಕ್ಷರ ಮನೆಗೆ ಓಡಿ ಅರ್ಜಿ ಹಿಂದಕ್ಕೆ ಪಡೆದೆ. "ಹನ್ನೊಂದೂ ಅಂಶನಾ?" ಎಂದು ಕೇಳಿದರು, ಗಣಿತದವರಲ್ಲವೇ. ಮನೆಗೆ ಬಂದು ಫೋನು ಎತ್ತಿಕೊಂಡೆ. ಏನು ಹೇಳಲಿ? ಇಟ್ಟೆ. ಒರೆಸಿದೆ. ಮತ್ತೆ ಎತ್ತಿಕೊಂಡೆ. ಆರು ಸಲ ಒರೆಸಿದ ಮೇಲೆ ಒರೆಸಲು ಏನೂ ಉಳಿಯದೆ ನಂಬರು ಒತ್ತಿದೆ.

"ಅಕ್ಕಾ, ನಾನು... ಪಕ್ಕದ ಮನೆ..." ಅಷ್ಟರಲ್ಲಿ ಅಳು ಬಂತು.

"ಮಗು ಊಟ ಮಾಡ್ತಾ?" ಎಂದರು ಅಕ್ಕ.

"ಇಲ್ಲಕ್ಕ. ಮೂರು ದಿನ ಆಯ್ತು. ವಾಪಸ್ ಬನ್ನಿ ಅಕ್ಕಾ, ನಾಲ್ಕನ್ನೂ ಕರ್ಕೊಂಡು ಬನ್ನಿ. ಅರ್ಜಿ ಹರಿದುಹಾಕಿದೀನಿ."

"ಅಯ್ಯೋ, ಅಳಬೇಡವೇ ಹುಚ್ಚಿ. ಸಂಜೆ ಹೊರಡ್ತೀವಿ. ಕಾಜಾನೂ ಇಲ್ಲಿ ಸರಿಯಾಗಿ ತಿಂದಿಲ್ಲ. ತಡಿ, ಫೋನು ಮಗು ಕಡೆ ಹಿಡಿ."

ಹಿಡಿದೆ. ಆ ಕಡೆಯಿಂದ "ಕೊಕ್... ಕೊಕ್ಕೊಕ್" ಎಂದಿತು. ಮಗಳ ಬಾಯಿಯ ಬೀಗ ತೆರೆಯಿತು. ಅತ್ತೆ ತಡಮಾಡದೆ ತುತ್ತು ಇಟ್ಟರು. ಎರಡನೆಯ ತುತ್ತು, ನಿಯಮದ ಪ್ರಕಾರ, ಕಾಜಾಳದು. ಮಗಳು ಅನ್ನವನ್ನು ಹಿಡಿತುಂಬ ತೆಗೆದು, ಕ್ಯಾರೆಟ್ಟಿನ ಸಮೇತ, ನನ್ನ ಫೋನಿಗೆ ಮೆತ್ತಿ ತಿನ್ನಿಸಿದಳು.

ಒರೆಸಲಿಲ್ಲ. ಮೂರನೆಯ ತುತ್ತು ಒಳಗೆ ಹೋಗುತ್ತಿತ್ತು.