ಮಾಲೀಸ್ ಬಾಯಿ ಅಂದವರಿಗೆ

ಲಕ್ವಾ ಹೊಡೆದವರನ್ನು ಎಬ್ಬಿಸಿ ನಿಲ್ಲಿಸುವ ಕೆಲಸ ಹಿಡಿದವರಿಗೆ ರೋಗಿಯಿಂದ ತೊಂದರೆ ಇಲ್ಲ, ಮಿಕ್ಕವರೆಲ್ಲರಿಂದ ಇದೆ. ನನಗಂತೂ ದಿನಕ್ಕೊಂದು ಆಗುತ್ತಲೇ ಇತ್ತು. ಈಗ ಹೇಳಿದರೆ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ಆಗ ನನಗೆ ಬಂದದ್ದು ಬರೀ ಸಿಟ್ಟು. ಬರೆಯಲು ಕೂತರೆ ಈಗಲೂ ಅದೇ ಬರುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಹೈದರಾಬಾದಿನಲ್ಲಿ ಫಿಜಿಯೋಥೆರಪಿ ಪದವಿ ಮುಗಿಸಿ, ಅದರ ಮೇಲೆ ಇನ್ನೊಂದು ವರ್ಷದ ತರಬೇತಿಗೆ ಸೇರಿದ್ದೆ. ಬರೀ ಮೆದುಳು ಮತ್ತು ನರಗಳ ರೋಗಿಗಳನ್ನು ನೋಡಲು ಕಲಿಯುವ ತರಬೇತಿ ಅದು. ಮೊದಲ ಆರು ತಿಂಗಳು ದೊಡ್ಡ ಆಸ್ಪತ್ರೆಯಲ್ಲಿ, ಉಳಿದ ಆರು ತಿಂಗಳು ಯಂತ್ರ ಇಲ್ಲದ ಊರಿನಲ್ಲಿ, ಬರಿಗೈಯಲ್ಲಿ. ಹಾಗೆಂದು ನಿಯಮ ಮಾಡಿದವರು ನಮಗೆ ಕಲಿಸುತ್ತಿದ್ದ ಸರ್, ಬೀದರ್ ಕಡೆಯವರು. ನಾನು ಸೇಡಂನವಳು ಎಂದು ಶಹಾಬಾದಿನ ಒಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿಂದ ವಾರಕ್ಕೊಂದು ದಿನ ಸೇಡಂ, ಒಂದು ದಿನ ವಾಡಿ, ಒಂದು ದಿನ ಚಿಂಚೋಳಿ, ಎರಡು ದಿನ ಚಿತ್ತಾಪುರ ತಿರುಗಬೇಕು. ಕೊನೆಗೆ ಪರೀಕ್ಷೆ. ನಾನೊಬ್ಬಳೇ ನೋಡಿದ ರೋಗಿಯೊಬ್ಬರು ಪರೀಕ್ಷಕರ ಎದುರಿಗೆ ಯಾರ ಕೈಯೂ ಹಿಡಿಯದೆ ಖುರ್ಚಿಯಿಂದ ಎದ್ದು ಅರ್ಧ ನಿಮಿಷ ನಿಲ್ಲಬೇಕು. ನಿಂತರೆ ಸರ್ಟಿಫಿಕೇಟು. ಇಲ್ಲದಿದ್ದರೆ ಇಡೀ ವರ್ಷ ಮತ್ತೆ ಮೊದಲಿನಿಂದ.

ನಾನು ಆರಿಸಿಕೊಂಡವರು ಚಿತ್ತಾಪುರದ ಮುನ್ಷಿಯವರು. ತಹಶೀಲ್ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತು ಜನರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಬಲಗೈ ನೆಟ್ಟಗಿತ್ತು. ಬಾಯಿ ಅದಕ್ಕಿಂತ ನೆಟ್ಟಗಿತ್ತು. "ಬಾಯಾರ, ಆ ಮರದ ಬುಡಕ ನಾ ನನ್ನ ಕಾಲಿಲೇ ನಡಕೋತ ಹೋಗಬೇಕು. ಅಷ್ಟು ಮಾಡ್ರಿ" ಎಂದರು. ಮಾಡುತ್ತೇನೆ ಎಂದು ನಾನೂ ಮಾತು ಕೊಟ್ಟುಬಿಟ್ಟೆ.

೧. ದೊಡ್ಡ ಡಾಕ್ಟರ ಕುತ್ತಿಗೆ

ಶಹಾಬಾದಿನಲ್ಲಿ ಮೊದಲ ದಿನವೇ ಅಲ್ಲಿನ ದೊಡ್ಡ ಡಾಕ್ಟರು ನನ್ನನ್ನು ಎಲ್ಲರ ಮುಂದೆ ಪರಿಚಯ ಮಾಡಿಸಿದರು. "ಇವರು ಹೈದರಾಬಾದಿಂದ ಬಂದ ಮಾಲೀಸ್ ಬಾಯಿ. ಯಾರಿಗೆ ಕೈಕಾಲು ನೋವು ಅದ, ತೋರಿಸ್ಕೊಳ್ರಿ."

ಐದು ವರ್ಷ ಹೆಣ ಕೊಯ್ದು, ನರದ ಒಂದೊಂದು ಎಳೆ ಬಾಯಿಪಾಠ ಮಾಡಿ ಬಂದವಳು ನಾನು. ಮಧ್ಯಾಹ್ನದ ಹೊತ್ತಿಗೆ ನನ್ನ ಮುಂದೆ ಸಾಲು. ಕಂಪೌಂಡರಿಗೆ ಸೊಂಟ, ಡ್ರೈವರನಿಗೆ ಮೊಣಕಾಲು, ಅಡುಗೆಯಾಕೆಗೆ ಹಿಮ್ಮಡಿ. ಎಲ್ಲರ ಕೈಯಲ್ಲೂ ತಮ್ಮ ತಮ್ಮ ಮನೆಯಿಂದ ತಂದ ಎಣ್ಣೆಯ ಬಟ್ಟಲು! ಲಕ್ವಾ ರೋಗಿಗಳು ಹೊರಗೆ ಫರಸಿ ಕಲ್ಲಿನ ಮೇಲೆ ಮಲಗಿದ್ದರು, ಅವರನ್ನು ಕೇಳುವವರಿರಲಿಲ್ಲ. ಬಟ್ಟಲುಗಳನ್ನೆಲ್ಲ ವಾಪಸು ಕಳಿಸಿದೆ. ಒಂದು ವಾರ ನನಗೆ ಆಸ್ಪತ್ರೆಯಲ್ಲಿ ಯಾರೂ ಚಹಾ ಕೊಡಲಿಲ್ಲ.

ಸಾಲದ್ದಕ್ಕೆ ದೊಡ್ಡ ಡಾಕ್ಟರೇ ಕರೆದು, "ನನ್ನ ಕುತ್ತಿಗಿ ಎಡಕ್ಕ ತಿರಗವಲ್ದು. ಸ್ವಲ್ಪ ಒತ್ತು ನೋಡೂಣು" ಎಂದರು. ಅವರ ಮೇಜಿನ ಬಲಗಡೆ ಮೂರು ಖುರ್ಚಿ, ಅಲ್ಲಿ ಊರಿನ ಗುತ್ತೇದಾರರು, ಕಾರ್ಖಾನೆಯ ಅಧಿಕಾರಿಗಳು ಕೂಡುತ್ತಿದ್ದರು. ಎಡಗಡೆ ನೆಲದ ಮೇಲೆ ಕಲ್ಲಿನ ಗಣಿಯ ಕೂಲಿಗಳು.

ಕುತ್ತಿಗೆ ಮುಟ್ಟಿ ನೋಡಿದೆ. ಎಲುಬು ಸರಿ, ನರ ಸರಿ, ಸ್ನಾಯು ಸರಿ.

"ಏನೂ ಆಗಿಲ್ಲ ಸರ್" ಎಂದೆ. "ದಿನಾ ಹತ್ತು ಸಲ ಎಡಗಡೆ ಕುಂತವರನ್ನೂ ನೋಡ್ರಿ. ತಾನಾಗೇ ಬಿಡ್ತದ."

೨. ಚಿಂಚೋಳಿಯ ಪಾರಿವಾಳ

ಚಿಂಚೋಳಿಯಲ್ಲಿ ಒಬ್ಬ ಅಜ್ಜಿ ಇದ್ದಳು. ಲಕ್ವಾ ಹೊಡೆದ ಬಲಗಾಲು ಜೋಲಾಡುತ್ತಿತ್ತು. ಒಂದು ದಿನ ಹೋಗಿ ನೋಡಿದರೆ ಕಾಲು ತೊಡೆಯಿಂದ ಪಾದದವರೆಗೆ ಕೆಂಪಗೆ ರಕ್ತ. ನಾನು ಚೀರಿಬಿಟ್ಟೆ. ಬಟ್ಟೆ ತನ್ನಿ, ನೀರು ತನ್ನಿ ಎಂದು ಮನೆಯವರನ್ನೆಲ್ಲ ಓಡಾಡಿಸಿದೆ. ಎಷ್ಟು ಒರೆಸಿದರೂ ಗಾಯ ಸಿಗಲಿಲ್ಲ.

"ಗಾಯ ಎಲ್ಲಿ ಹುಡಕ್ಲಿಕತ್ತೀರಿ? ಅದು ಪಾರಿವಾಳದ್ದರಿ" ಎಂದಳು ಮಗಳು, ನಿಧಾನವಾಗಿ. ಹಸಿ ರಕ್ತ ಹಚ್ಚಿದರೆ ಲಕ್ವಾ ಇಳಿಯುತ್ತದೆ ಎಂದು ಯಾರೋ ಹೇಳಿದ್ದರಂತೆ. ಪ್ರತಿ ವಾರ ನಾನು ಬರುವ ದಿನ ಬೆಳಿಗ್ಗೆಯೇ ಹಚ್ಚಿ, ನಾನು ಬರುವುದರೊಳಗೆ ತೊಳೆಯುತ್ತಿದ್ದರಂತೆ. ಆ ದಿನ ನನ್ನ ಬಸ್ಸು ಬೇಗ ಬಂದದ್ದೇ ತಪ್ಪು.

ಎರಡು ತಿಂಗಳು ನಾನು ಮೊಣಕಾಲೂರಿ ಕೂತು ಆ ಕಾಲಿಗೆ ಹೆಜ್ಜೆ ಕಲಿಸಿದ್ದೆ. ಅಜ್ಜಿ ಕೊನೆಗೆ ಅಂಗಳ ದಾಟಿದಳು. ಊರಿಗೆ ಊರೇ ಪಾರಿವಾಳವನ್ನು ಹೊಗಳಿತು. ನನ್ನ ಹೆಸರು ಎತ್ತಿದವರು ಒಬ್ಬರಿಲ್ಲ. ನಾನು ಮುಖ ಗಂಟು ಹಾಕಿಕೊಂಡು ಹೊರಟಾಗ ಮಗಳಿಗೆ ಪಾಪ ಅನ್ನಿಸಿರಬೇಕು. ಮುಚ್ಚಿದ ಡಬ್ಬಿಯೊಂದನ್ನು ಕೈಯಲ್ಲಿಟ್ಟಳು.

"ಸಿಟ್ಟಾಗಬ್ಯಾಡ್ರಿ ಬಾಯಾರ. ನಿಮ್ಮದೂ ಪಾಲು ಅದ. ರಕ್ತ ಅವ್ವಗ, ಸಾರು ನಿಮಗ."

ನಾನು ಮೊಟ್ಟೆಯನ್ನೂ ಮುಟ್ಟದ ಮನೆಯವಳು.

೩. ಸಮಸ್ತ ಸಾರ್ವಜನಿಕರಿಗೆ

ಮುನ್ಷಿಯವರ ಮನೆಗೆ ಬರುವ ಮಂದಿಯ ಕಾಟ ಹೇಳತೀರದು. ಮರದ ಕೆಳಗೆ ಹೋಗಲಾಗದಿದ್ದರೂ ಅವರು ಮಲಗಿದಲ್ಲೇ ಅರ್ಜಿ ಬರೆಯುತ್ತಿದ್ದರು. ಬಂದವರೆಲ್ಲ ಬಂದ ಕೂಡಲೇ ಮಾಡುತ್ತಿದ್ದ ಕೆಲಸ ಒಂದೇ. ಮರ್ಯಾದೆಗೆಂದು, "ಏಳ್ರಿ ಮುನ್ಷಿಯವರ" ಎಂದು ಬಿದ್ದ ಎಡಗೈಯನ್ನೇ ಹಿಡಿದು ಎಳೆದು ಕೂಡಿಸುವುದು. ಲಕ್ವಾ ಹೊಡೆದ ಕೈ ಎಳೆದರೆ ಹೆಗಲಿನ ಕೀಲು ಸಡಿಲವಾಗುತ್ತದೆ, ಆ ನೋವು ತಿಂಗಳುಗಟ್ಟಲೆ ಹೋಗುವುದಿಲ್ಲ. ನಾನು ವಾರದಲ್ಲಿ ಎರಡು ದಿನ ಬಂದು ಮಾಡಿದ್ದನ್ನು ಒಬ್ಬನೇ ಒಬ್ಬ ಹಿತೈಷಿ ಒಂದು ಎಳೆತಕ್ಕೆ ಹಾಳು ಮಾಡುತ್ತಿದ್ದ.

ಬೈದೆ. ಕೈ ಮುಗಿದೆ. ಗೋಡೆಯ ಮೇಲೆ "ಈ ಕೈ ಎಳೆಯಬೇಡಿ" ಎಂದು ಇದ್ದಿಲಿನಲ್ಲಿ ದೊಡ್ಡದಾಗಿ ಬರೆದೆ. ಅದನ್ನು ಓದಿ, ಓದಿದ ಮೇಲೆ ಎಳೆದರು.

"ನಿಮಗ ಬರಿಯೂದು ಬರಂಗಿಲ್ಲ, ಬಾಯಾರ" ಎಂದರು ಮುನ್ಷಿಯವರು. ಕಾಗದ ತರಿಸಿ ತಾವೇ ಬರೆದರು. "ಇದರಿಂದ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಎಡಗೈಯು ತಕರಾರಿನಲ್ಲಿರುವುದರಿಂದ ಮುಂದಿನ ಹುಕುಂ ಆಗುವತನಕ ಯಾರೂ ಅದರ ಮೇಲೆ ಕೈ ಹಾಕತಕ್ಕದ್ದಲ್ಲ." ಕೆಳಗೆ ಒಂದು ಕೋರ್ಟ್ ಫೀ ಟಿಕೀಟು ಅಂಟಿಸಿದರು.

ಮಾರನೆಯ ದಿನದಿಂದ ಒಬ್ಬರೂ ಮುಟ್ಟಲಿಲ್ಲ. ಬಂದವರು ಆ ಕಾಗದಕ್ಕೆ ಕೈ ಮುಗಿದು ದೂರ ಕೂತರು. ನನ್ನ ಐದು ವರ್ಷದ ಓದಿಗಿಲ್ಲದ ಬೆಲೆ ಒಂದು ಟಿಕೀಟಿಗೆ! ನಾನು ಹಲ್ಲು ಕಡಿದುಕೊಂಡು ಕಾಲಿನ ಕೆಲಸ ಮಾಡುತ್ತಿದ್ದೆ. ಆಗ ಬಂಡಿಗಾಲಿ ಮಾಡುವ ಚಾಚಾ ಒಬ್ಬರು ಬಂದು ನೋಟೀಸನ್ನು ಎರಡು ಸಲ ಓದಿಸಿಕೊಂಡರು. ಅವರಿಗೂ ಮುನ್ಷಿಯವರಿಗೂ ಚಿಕ್ಕಂದಿನ ದೋಸ್ತಿ.

"ನಾ ಕೈ ಹಿಡೀದೆ ಮಾತಾಡಿದಾಂವ ಅಲ್ಲ. ಇದು ಜುಲುಂ ಅದ. ಇದಕ್ಕ ತಕರಾರು ಅರ್ಜಿ ಎಲ್ಲಿ ಕೊಡಬೇಕ್ರಿ?" ಎಂದು ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮುನ್ಷಿಯವರು ಪೆನ್ನು ತೆಗೆದಾಗಿತ್ತು. "ಕುಂದ್ರಿ ಚಾಚಾ, ಬರಕೊಡ್ತೀನಿ."

೪. ಅವರ ಹೆಸರಿಲೇ

ಇಷ್ಟಾದರೂ ಮುನ್ಷಿಯವರ ಕಾಲು ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಹೋಗುತ್ತಿದ್ದದ್ದು ವಾರಕ್ಕೆರಡು ದಿನ. ಉಳಿದ ದಿನ ಮನೆಯಲ್ಲೇ ಮಾಡಬೇಕಾದ ಕಸರತ್ತು ಹೇಳಿಕೊಟ್ಟಿದ್ದೆ. ಹೊರಸಿನ ಅಂಚಿಗೆ ಕೂಡುವುದು, ಮುಂದಕ್ಕೆ ಬಾಗುವುದು, ಏಳುವುದು, ಕೂಡುವುದು. ದಿನಕ್ಕೆ ನಲವತ್ತು ಸಲ. ಮುನ್ಷಿಯವರ ಹೆಂಡತಿಯನ್ನು ಕಾಕು ಎಂದು ಕರೆಯುತ್ತಿದ್ದೆ. ಕೇಳಿದಾಗೆಲ್ಲ ಕಾಕು, "ಒಂದ್ ದಿನಾನೂ ತಪ್ಪಿಲ್ಲವಾ, ನಲವತ್ತಕ್ಕ ನಲವತ್ತು" ಎನ್ನುತ್ತಿದ್ದಳು.

ನಲವತ್ತಕ್ಕೆ ನಲವತ್ತು ಮಾಡಿದ ಕಾಲು ಹೀಗಿರುವುದಿಲ್ಲ. ತಪ್ಪು ನನ್ನದೇ ಏನೋ ಎಂದು ಪುಸ್ತಕ ತಿರುವಿ ತಿರುವಿ ಸಾಕಾಯಿತು. ಪರೀಕ್ಷೆಗೆ ಒಂದೂವರೆ ತಿಂಗಳಿತ್ತು.

ಒಂದು ದಿನ ಚಿಂಚೋಳಿಗೆ ಹೋಗುವ ಬಸ್ಸು ದಾರಿಯಲ್ಲಿ ಕೆಟ್ಟು, ನನ್ನ ಸರದಿ ಅಲ್ಲದ ದಿನ ಚಿತ್ತಾಪುರಕ್ಕೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮುನ್ಷಿಯವರು ಗೋಡೆಯ ಬದಿಗೆ ಆರಾಮಾಗಿ ಮಲಗಿ "ಇಪ್ಪತ್ತೇಳು... ಇಪ್ಪತ್ತೆಂಟು..." ಎಂದು ಎಣಿಸುತ್ತಿದ್ದಾರೆ. ಅದೇ ಹೊರಸಿನ ಅಂಚಿನಲ್ಲಿ ಕಾಕು ಸೀರೆಯ ಕಚ್ಚೆ ಬಿಗಿದು, ಬೆವರು ಸುರಿಸುತ್ತ, ಕೂಡುತ್ತಿದ್ದಾಳೆ, ಏಳುತ್ತಿದ್ದಾಳೆ.

"ಕಾಕೂ! ಏನಿದು?"

"ಕಸರತ್ತು. ಅವರ ಹೆಸರಿಲೇ ಮಾಡ್ಲಿಕತ್ತೀನಿ."

"ಅವರ ಹೆಸರಿಲೇ ಅಂದ್ರ?"

"ಅವರಿಗಿ ಭಾಳ ನೋಯ್ತದವಾ. ಅವರಿಗಿ ಜ್ವರ ಬಂದಾಗ ಗುಡಿತನಕ ದೀಡ ನಮಸ್ಕಾರ ನಾನೇ ಹಾಕಿದ್ದೆ, ಅವರಿಗಿ ಮುಟ್ಟಿ ಆರಾಮಾದ್ರು. ಉಪಾಸ ನಾನೇ ಮಾಡ್ತೀನಿ, ಅವರಿಗಿ ಮುಟ್ಟತದ. ಇದೊಂದು ಯಾಕ ಮುಟ್ಟಂಗಿಲ್ಲ?"

ನಾನು ಬೈದ ಬೈಗುಳ ತಹಶೀಲ್ ಕಚೇರಿಯವರೆಗೆ ಕೇಳಿಸಿತಂತೆ. ನಾಲ್ಕೂವರೆ ತಿಂಗಳು! ಕಾಕುಗೆ ಬೈದೆ, ಎಣಿಸುತ್ತಿದ್ದ ಮುನ್ಷಿಯವರಿಗೆ ಬೈದೆ, ಸರದಿ ಇಲ್ಲದ ಒಂದು ದಿನವಾದರೂ ಬಂದು ನೋಡದ ನನಗೂ ಬೈದುಕೊಂಡೆ. ಅಳು ಬರುವಂತಾಗಿ ಹೊಸ್ತಿಲ ಮೇಲೆ ಕೂತೆ. ಕಾಕು ನೀರು ತಂದು ಪಕ್ಕದಲ್ಲಿ ಕೂತಳು.

"ನಿನ್ನ ಕಸರತ್ತಿನ್ಯಾಗ ದೋಷಿಲ್ಲ ಬಿಡವಾ" ಎಂದು ಬೆನ್ನು ಸವರಿದಳು. "ಹತ್ತು ವರ್ಷದ್ದು ನನ್ನ ಮಣಕಾಲ ನೋವು ಪೂರಾ ಹೋಗ್ಯಾದ."

೫. ಖುರ್ಚಿ

ಉಳಿದ ಒಂದೂವರೆ ತಿಂಗಳು ನಾನು ಮಿಕ್ಕ ಊರುಗಳಿಂದ ವಾಪಸು ಬರುವಾಗೆಲ್ಲ ಚಿತ್ತಾಪುರದಲ್ಲಿ ಇಳಿದೆ. ಮುನ್ಷಿಯವರು ನನಗೆ ಕಟುಕಿ ಎಂದರು, ನರ ತಿನ್ನುವಾಕೆ ಎಂದರು. ಆದರೆ ಎದ್ದರು. ಕಾಕುವಿನ ಹೆಗಲು ಹಿಡಿದು ಎದ್ದರು, ಆಮೇಲೆ ಗೋಡೆ ಹಿಡಿದು. ಯಾವುದನ್ನೂ ಹಿಡಿಯದೆ ಎದ್ದದ್ದು ಪರೀಕ್ಷೆಗೆ ನಾಲ್ಕು ದಿನ ಇರುವಾಗ, ಅದೂ ಒಂದೇ ಸಲ.

ಪರೀಕ್ಷೆಯ ದಿನ ಬೆಳಿಗ್ಗೆ ನೆನಪಾಯಿತು, ಅವರ ಮನೆಯಲ್ಲಿ ಖುರ್ಚಿಯೇ ಇಲ್ಲ. ಓಣಿಯಲ್ಲೇ ಇಲ್ಲ. ಪಕ್ಕದ ಮನೆಯವರು ತಹಶೀಲ್ ಕಚೇರಿಯ ಜವಾನರು. "ಸಾಹೇಬ್ರು ಇವತ್ತು ಹಳ್ಳಿಗಿ ಹೋಗ್ಯಾರ" ಎಂದು ತಹಶೀಲ್ದಾರರ ಖುರ್ಚಿಯನ್ನೇ ಹೊತ್ತು ತಂದರು.

ಮುನ್ಷಿಯವರು ಅದನ್ನು ನೋಡಿ ಬೆವೆತರು. "ಮೂವತ್ತು ವರ್ಷ ಈ ಖುರ್ಚಿ ಮುಂದ ಕೈಕಟ್ಟಿ ನಿಂತೀನಿ. ಇದರ ಮ್ಯಾಲ ನಾ ಹ್ಯಾಂಗ ಕುಂದ್ರಲಿ?" ಗದರಿಸಿ ಕೂಡಿಸಿದೆ. ಸರ್ ಬಂದರು, ಹೊರಗಿನಿಂದ ಕರೆಸಿದ ಪರೀಕ್ಷಕರೊಬ್ಬರು ಫಾರಂ ಹಿಡಿದು ಬಂದರು.

"ಏಳಿ" ಎಂದರು ಪರೀಕ್ಷಕರು.

ಮುನ್ಷಿಯವರು ಅಲುಗಲಿಲ್ಲ. ಕಾಲು ಕಟ್ಟಿಗೆಯಾಗಿ ಕೂತಿತ್ತು. ಇನ್ನೊಮ್ಮೆ ಹೇಳಿದರು. ಇಲ್ಲ. ನಾನು ಹೇಳಿದೆ, ಆಗಲೂ ಇಲ್ಲ. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ನನ್ನ ವರ್ಷ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. "ಯಾರ್ರೀ ಅದು ನನ್ನ ಕುರ್ಚಿ ಹೊತ್ಕೊಂಡ್ ಬಂದಿದ್ದು?" ಎಂದು ಮೈಸೂರು ಕಡೆಯ ಕನ್ನಡದಲ್ಲಿ ಕೂಗುತ್ತ ಖುದ್ದು ತಹಶೀಲ್ದಾರರೇ ಒಳಗೆ ಬಂದರು. ಜೀಪು ಕೆಟ್ಟು ಹಳ್ಳಿಯ ದಾರಿಯಿಂದಲೇ ವಾಪಸಾಗಿದ್ದರಂತೆ.

ಮುನ್ಷಿಯವರು ದಡಕ್ಕನೆ ಎದ್ದು ನಿಂತರು. ಯಾರನ್ನೂ ಹಿಡಿಯಲಿಲ್ಲ. ಬಲಗೈ ಎತ್ತಿ ಸಲಾಂ ಮಾಡಿದರು.

"ನಿಂತರು ಸರ್!" ಎಂದು ಚೀರಿದೆ.

ಪರೀಕ್ಷಕರು ತಲೆಯಾಡಿಸಿದರು. "ಚಿಕಿತ್ಸಕರ ಸೂಚನೆಯ ಮೇರೆಗೆ ಏಳಬೇಕು ಅಂತ ಫಾರಂನಲ್ಲಿದೆ. ಇವರು ಹೆದರಿ ಎದ್ದಿದ್ದಾರೆ. ಲೆಕ್ಕಕ್ಕೆ ಬರುವುದಿಲ್ಲ."

ಆರು ತಿಂಗಳಿನ ಸಿಟ್ಟು ಅಷ್ಟೂ ಒಮ್ಮೆಲೇ ನೆತ್ತಿಗೇರಿತು. ಮೂವತ್ತು ವರ್ಷ ಒಬ್ಬ ಮನುಷ್ಯನನ್ನು ನೆಲದ ಮೇಲೆ ಕೂಡಿಸಿದವರು ಇಂಥ ಅಧಿಕಾರಿಗಳು, ಖುರ್ಚಿಯಿಂದ ಹೇಳಿದಂತೆ ಏಳಲಿಲ್ಲ ಎಂದು ಫೇಲ್ ಮಾಡುವವರೂ ಇವರೇ! ಹಾಗೆಂದೇ ಪರೀಕ್ಷಕರಿಗೆ ಹೇಳಿದೆ. ಅವರು ಫಾರಂ ಓದಿದರು. ನಾನು ಜೋರು ಮಾಡಿದೆ. ಅವರೂ ಜೋರು ಮಾಡಿದರು. ನಡುವೆ ತಹಶೀಲ್ದಾರರು "ಮೊದಲು ನನ್ನ ಕುರ್ಚಿ" ಎಂದು ಬಾಯಿ ಹಾಕಿದ್ದಕ್ಕೆ ತಿರುಗಿ, "ನೀವು ಸುಮ್ಮನ ಹೊರಗ ಹೋಗಿ ನಿಂದ್ರಿ!" ಎಂದುಬಿಟ್ಟೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ನಿಜಕ್ಕೂ ಹೊರಗೆ ಹೋಗಿ ನಿಂತರು.

ಸರ್ ಪರೀಕ್ಷಕರ ಕಡೆ ತಿರುಗಿದರು. "ಈಕಿ ಸೂಚನಾಕ್ಕ ತಹಶೀಲ್ದಾರರೇ ನಡದು ಹೋದ್ರು. ಇನ್ನೂ ಏನು ನೋಡಬೇಕ್ರಿ ನಿಮಗ?"

ಪರೀಕ್ಷಕರು ಒಪ್ಪಲಿಲ್ಲ. ಹೆದರಿಕೆಯಿಂದ ಎದ್ದವರು ಒಂದು ಗಳಿಗೆ ಏಳುತ್ತಾರೆ, ನಿಲ್ಲುವ ಶಕ್ತಿ ಕಾಲಿಗೆ ಬಂದಿರಬೇಕಲ್ಲ, ಅದಕ್ಕೆ ಪುರಾವೆ ಏನು ಎಂದರು. ಸರ್ ಪುಸ್ತಕದ ಮಾತು ತೆಗೆದರು, ಅವರೂ ಪುಸ್ತಕದ ಮಾತು ತೆಗೆದರು. ಮುನ್ಷಿಯವರು ನಿಲ್ಲಬಲ್ಲರೋ ಇಲ್ಲವೋ ಎಂದು ನಾವು ಮೂವರೂ ಕಾಲು ಗಂಟೆ ಕಿತ್ತಾಡಿದೆವು.

ಕೊನೆಗೆ ಮೂಲೆಯಲ್ಲಿದ್ದ ಕಾಕು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ನಿಮ್ಮ ಜಗಳ ಮುಗೀತಂದ್ರ, ಇವರಿಗಿ ಯಾರರ ಕುಂದ್ರಿ ಅಂತ ಹೇಳ್ರಿ. ಆವಾಗಿಂದ ನಿಂತೇ ಅದಾರ."